ಮಗಳ ಬಾಗಿಲಲ್ಲಿ ನಿಂತ ತಾಯಿ

ಕ್ರಿ.ಶ. 622ರ ಹಿಜ್ರಾದಿಂದ ಎಷ್ಟೋ ಕುಟುಂಬಗಳು ಎರಡು ನಗರಗಳಿಗೆ ಹಂಚಿಹೋದವು. ಹ. ಅಬೂಬಕರ್(ರ)ರ ಪುತ್ರಿ ಹ. ಅಸ್ಮಾ(ರ) ತುಂಬು ಗರ್ಭಿಣಿಯಾಗಿ ಹಿಜ್ರಾ ಹೊರಟು ಕುಬಾದಲ್ಲಿ ಪುತ್ರ ಅಬ್ದುಲ್ಲಾರನ್ನು ಹೆತ್ತರು. ಅವರ ತಾಯಿ ಖುತೈಲಾ ಮಕ್ಕಾದಲ್ಲೇ, ವಿಗ್ರಹಾರಾಧಕರಾಗಿಯೇ ಉಳಿದರು. ಅಬೂಬಕರ್(ರ) ಬಹಳ ಹಿಂದೆಯೇ ಅವರಿಗೆ ತಲಾಖ್ ನೀಡಿದ್ದರು. ಆಮೇಲೆ ಬದ್ರ್, ಉಹುದ್, ಖಂದಕ್. ತಾಯಿಯ ಊರು ಮಗಳ ಊರಿನ ಮೇಲೆ ದಂಡೆತ್ತಿ ಬರುತ್ತಿದ್ದ ಕಾಲವದು.

628ರ ಹುದೈಬಿಯಾ ಒಪ್ಪಂದವನ್ನು ನಾವು ರಾಜಕೀಯ ವಿಜಯವೆಂದೇ ಓದುತ್ತೇವೆ. ಅದು ತಾಯಂದಿರಿಗೂ ದಾರಿ ತೆರೆಯಿತೆಂಬುದು ನಮಗೆ ಹೊಳೆಯುವುದು ಕಡಿಮೆ. ಖುತೈಲಾ ಮಗಳನ್ನು ಕಾಣಲು ಮದೀನಾಕ್ಕೆ ಬಂದರು. ಮುಸ್ನದ್ ಅಹ್ಮದ್‌ನ ವರದಿಯಂತೆ, ಅವರು ತಂದ ಉಡುಗೊರೆಗಳಲ್ಲಿ ತುಪ್ಪವೂ ಒಣಗಿಸಿ ಗಟ್ಟಿ ಮಾಡಿದ ಮೊಸರೂ ಇದ್ದವು. ದೂರದಲ್ಲಿರುವ ಮಗಳಿಗೆ ಯಾವ ತಾಯಿಯೂ ಕಟ್ಟಿ ಒಯ್ಯುವ ಬುತ್ತಿಯೇ ತಾನೆ! ಅಸ್ಮಾ(ರ) ಅದನ್ನು ಮುಟ್ಟಲಿಲ್ಲ, ತಾಯಿಯನ್ನು ಒಳಗೂ ಕರೆಯಲಿಲ್ಲ. ಇದು ಕಲ್ಲೆದೆಯಲ್ಲ, ಅಲ್ಲಾಹನ ಆಜ್ಞೆ ಏನೆಂದು ತಿಳಿಯದೆ ಹೆಜ್ಜೆ ಇಡಲಾರದ ಭಯಭಕ್ತಿ. ಅವರ ಪರವಾಗಿ ಪ್ರವಾದಿವರ್ಯರಲ್ಲಿ(ಸ) ಕೇಳಿದವರು ಹ. ಆಯಿಶಾ(ರ), ಅಂದರೆ ಬೇರೆ ತಾಯಿಯ ಮಗಳು.

ಉಡುಗೊರೆ ಸ್ವೀಕರಿಸಿ, ತಾಯಿಯನ್ನು ಮನೆಯೊಳಗೆ ಬರಮಾಡಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಬುಖಾರಿಯ ಹದೀಸ್‌ನಲ್ಲಿ ಅಸ್ಮಾ(ರ)ರೇ ಪ್ರಶ್ನಿಸುತ್ತಾರೆ. ತಾಯಿಯ ಕುರಿತು ಅವರು ಬಳಸಿದ 'ರಾಗಿಬ' ಎಂಬ ಪದಕ್ಕೆ ಮಗಳ ಔದಾರ್ಯವನ್ನು ಬಯಸಿ ಬಂದವರು ಎಂದು ಕೆಲವು ವಿದ್ವಾಂಸರು, ಇಸ್ಲಾಮಿನಿಂದ ವಿಮುಖರಾದವರು ಎಂದು ಇನ್ನು ಕೆಲವರು ಅರ್ಥ ಹೇಳಿದ್ದಾರೆ. ಯಾವ ಅರ್ಥ ಹಿಡಿದರೂ ಪ್ರವಾದಿವರ್ಯರ(ಸ) ಉತ್ತರ ಬದಲಾಗದು: ತಾಯಿಯೊಂದಿಗೆ ಸಂಬಂಧ ಜೋಡಿಸಬೇಕು.

ಸೂರಃ ಅಲ್ ಮುಮ್ತಹಿನದ 8ನೆಯ ವಚನ ಈ ಸಂದರ್ಭದಲ್ಲೇ ಅವತೀರ್ಣವಾಯಿತೆಂದು ಇಮಾಮ್ ಇಬ್ನು ಉಯೈನಾ ಹೇಳಿದ್ದಾರೆ. ಧರ್ಮದ ಕಾರಣಕ್ಕೆ ನಿಮ್ಮೊಡನೆ ಯುದ್ಧ ಮಾಡದ, ನಿಮ್ಮನ್ನು ಮನೆಗಳಿಂದ ಹೊರಗಟ್ಟದವರಿಗೆ ಒಳಿತು ಮಾಡುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂಬುದು ಅದರ ಆಶಯ. ಖುತೈಲಾ ಶತ್ರುಗಳ ನಗರದಿಂದ ಬಂದವರು ನಿಜ. ಆದರೆ ಅವರ ಕೈಯಲ್ಲಿದ್ದುದು ತುಪ್ಪ.