ಆವೆಯ ಬಳಿಯ ಪ್ರಾರ್ಥನೆ

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ತಮ್ಮ ಸಂಗಡ ತಂದ ಶ್ರದ್ಧೆಯು ದೇವಾಲಯದ ಗೋಡೆಗಳೊಳಗೆ ನಿಲ್ಲುವಂಥದಾಗಿರಲಿಲ್ಲ. ನಿತ್ಯದ ಕಾಯಕವೂ ದೇವರ ಸನ್ನಿಧಿಯಲ್ಲಿಯೇ ನಡೆಯತಕ್ಕದ್ದೆಂಬುದು ಅವರ ನಂಬಿಕೆಯಾಗಿದ್ದಿತು. ಕ್ರಿಸ್ತನನ್ನು ಅನುಸರಿಸಿದ್ದರಿಂದ ಮನೆಯ ಆಶ್ರಯವನ್ನೂ ಕುಲವೃತ್ತಿಯನ್ನೂ ಒಮ್ಮೆಗೇ ಕಳೆದುಕೊಂಡವರ ಹಸಿವಿಗೆ ಉಪದೇಶವೊಂದೇ ಸಾಲದೆಂದರಿತು, ಮಿಶನ್ನು ಮೊದಲು ಮಗ್ಗಗಳನ್ನು ಹೂಡಿತು. ಬಳಿಕ 1865ರಲ್ಲಿ, ಪ್ಲೆಬ್ಸ್ಟ್ ಎಂಬವರ ಮುಂದಾಳುತನದಲ್ಲಿ, ನೇತ್ರಾವತಿಗೆ ಸಮೀಪದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು.

ಪ್ರಾತಃಕಾಲದ ಪ್ರಾರ್ಥನೆಯನ್ನು ಮುಗಿಸಿ ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚಿಗೊತ್ತಿ, ನೆರಳಿನಲ್ಲಾರಿಸಿ, ಆವೆಯಲ್ಲಿ ಸುಡುತ್ತಿದ್ದ ಆ ಕೆಲಸಗಾರರಿಗೆ, ಯೆರೆಮೀಯ ಪ್ರವಾದಿಯು ಕುಂಬಾರನ ಮನೆಗೆ ಹೋಗಿ ಚಕ್ರದ ಮೇಲಿನ ಮಣ್ಣಿನಲ್ಲಿ ದೇವರ ಕೈಯನ್ನು ಕಂಡ ಕಥೆಯು ದೂರದ ಪುರಾಣವಾಗಿರದೆ, ತಮ್ಮ ಬೆರಳುಗಳೇ ಬಲ್ಲ ಸತ್ಯವಾಗಿದ್ದಿರಬೇಕು. ಕರಾವಳಿಯ ಕ್ರೈಸ್ತಧರ್ಮದ ಚರಿತ್ರೆಯನ್ನು ಬರೆಯುವವರು ಮಿಶನ್ನಿನ ಅಚ್ಚುಕೂಟವನ್ನೂ ಪಾದ್ರಿ ಕಿಟ್ಟೆಲರ ಕನ್ನಡ ನಿಘಂಟನ್ನೂ ಸ್ಮರಿಸುವಷ್ಟೇ ಗೌರವದಿಂದ ಈ ಮಣ್ಣಾದ ಕೈಗಳನ್ನೂ ಸ್ಮರಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಆದರೆ ಆ ಕಾರ್ಖಾನೆಗಳು ಮಿಶನ್ನಿನ ಬಳಿ ಉಳಿಯಲಿಲ್ಲ; ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು.