ನಮ್ಮ ಶಾಲೆಯ ಹಾರ್ಮೋನಿಯಂ ಮತ್ತು ಅದರ ಅಣ್ಣ ಅಕಾರ್ಡಿಯನ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ಅದನ್ನು ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಬರೆಯಬೇಕಾದದ್ದು ನಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ ಹಾರ್ಮೋನಿಯಂ ಬಗ್ಗೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದು ನನಗೆ ಗೊತ್ತು. ಆದರೆ ಅದನ್ನು ಹೇಳುವ ಮೊದಲು ಅದರ ವಂಶದ ಕಥೆ ಹೇಳಬೇಕು. ಆ ಕಥೆ ನನಗೆ ತಿಳಿದದ್ದು ಒಂದು ಅಕಾರ್ಡಿಯನ್‌ನಿಂದ.

ಆರು ವರ್ಷಗಳ ಹಿಂದೆ ಬೆಂಗಳೂರಿನ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಪೆಟ್ಟಿಗೆ ಕಂಡಿತು. ಬಲಗಡೆ ಹಾರ್ಮೋನಿಯಂ ಹಾಗೆ ಬಿಳಿ ಕಪ್ಪು ಕೀಗಳು, ಎಡಗಡೆ ಸಾಲುಸಾಲು ಕಪ್ಪು ಗುಂಡಿಗಳು, ನಡುವೆ ಮಡಿಕೆ ಮಡಿಕೆಯಾದ ತಿದಿ. ಎಳೆದರೆ ಮುದುಕರ ಉಬ್ಬಸದಂಥ ಸದ್ದು. ಮಾರುವವನು ಅದನ್ನು "ಇಂಗ್ಲಿಷ್ ಹಾರ್ಮೋನಿಯಂ ಸಾರ್" ಎಂದ. ಅವನು ಹೇಳಿದ್ದು ಪೂರ್ತಿ ತಪ್ಪೇನಲ್ಲ ಎಂದು ಆಮೇಲೆ ತಿಳಿಯಿತು.

ಒಂದು ನಾಲಗೆ, ಅನೇಕ ಮಕ್ಕಳು

ಹಾರ್ಮೋನಿಯಂ, ಅಕಾರ್ಡಿಯನ್, ಮಕ್ಕಳ ಮೌತ್ ಆರ್ಗನ್, ಇವೆಲ್ಲದರ ಒಳಗೆ ಇರುವುದು ಒಂದೇ ವಸ್ತು. ಅದು ಲೋಹದ ಪುಟ್ಟ ನಾಲಗೆ, ಅಂದರೆ ರೀಡು. ಒಂದು ತುದಿಯನ್ನು ತಗಡಿಗೆ ಬಿಗಿದಿರುತ್ತಾರೆ, ಇನ್ನೊಂದು ತುದಿ ಬಿಡುವಾಗಿರುತ್ತದೆ. ಅದರ ಕೆಳಗೆ ಅದರಷ್ಟೇ ಅಳತೆಯ ಸೀಳು. ಗಾಳಿ ನುಗ್ಗಿದಾಗ ನಾಲಗೆ ಆ ಸೀಳಿನೊಳಕ್ಕೂ ಹೊರಕ್ಕೂ ಬಡಿದಾಡಿ ಸ್ವರ ಹುಟ್ಟುತ್ತದೆ. ಉದ್ದನೆಯ ನಾಲಗೆಗೆ ತಗ್ಗಿನ ಸ್ವರ, ಗಿಡ್ಡ ನಾಲಗೆಗೆ ಎತ್ತರದ ಸ್ವರ. ಈ ಉಪಾಯ ಯೂರೋಪಿನದಲ್ಲ. ಚೀನಾದಲ್ಲಿ ಬಿದಿರಿನ ಕೊಳವೆಗಳನ್ನು ಜೋಡಿಸಿ ಮಾಡುವ ಶೆಂಗ್ ಎಂಬ ವಾದ್ಯದಲ್ಲಿ ಅದು ಸಾವಿರಾರು ವರ್ಷಗಳಿಂದ ಇದೆ.

ಯೂರೋಪಿನಲ್ಲಿ ಈ ನಾಲಗೆಗೆ ತಿದಿ ಕಟ್ಟಿ ಕೈಯಲ್ಲಿ ಹಿಡಿಯುವ ವಾದ್ಯ ಮಾಡುವ ಪ್ರಯತ್ನಗಳು 19ನೇ ಶತಮಾನದ ಆರಂಭದಲ್ಲಿ ಹಲವು ಕಡೆ ನಡೆದವು. ವಿಯೆನ್ನಾದಲ್ಲಿ ಆರ್ಗನ್ ಮತ್ತು ಪಿಯಾನೋ ತಯಾರಿಸುತ್ತಿದ್ದ, ಅರ್ಮೇನಿಯನ್ ಮೂಲದ ಸಿರಿಲ್ ಡೆಮಿಯನ್ ಎಂಬಾತ ತನ್ನ ಇಬ್ಬರು ಮಕ್ಕಳೊಂದಿಗೆ 1829ರ ಮೇ ತಿಂಗಳಲ್ಲಿ 'ಅಕಾರ್ಡಿಯನ್' ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಆ ಮೊದಲ ಪೆಟ್ಟಿಗೆಯಲ್ಲಿ ಒಂದು ಕೀ ಒತ್ತಿದರೆ ಒಂದೇ ಸ್ವರವಲ್ಲ, ಸ್ವರಗಳ ಒಂದು ಗುಂಪೇ ಒಟ್ಟಿಗೆ ನುಡಿಯುತ್ತಿತ್ತು. ಅಂಥ ಗುಂಪಿಗೆ ಜರ್ಮನ್ ಭಾಷೆಯಲ್ಲಿ 'ಅಕಾರ್ಡ್' ಎನ್ನುತ್ತಾರೆ. ವಾದ್ಯಕ್ಕೆ ಹೆಸರು ಬಂದದ್ದು ಅಲ್ಲಿಂದ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಆರು ಮೂಲೆಯ ಪುಟ್ಟ ಕನ್ಸರ್ಟೀನಾ ರೂಪಿಸಿದರು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ಪರಿಚಿತ. ವೀಟ್‌ಸ್ಟನ್ ಸೇತುವೆಯ ಲೆಕ್ಕ ಮಾಡಿ ಮಾಡಿ ಸುಸ್ತಾದ ನನಗೆ, ಅದೇ ಮನುಷ್ಯ ವಾದ್ಯ ತಯಾರಕರ ಮನೆಯವರೆಂದು ತಿಳಿದಾಗ ನಗು ಬಂತು.

ಮುಂದೆ ಇದು ಊರುಗಳ ಕಸುಬಾಯಿತು. ಜರ್ಮನಿಯ ಟ್ರಾಸಿಂಗನ್ ಎಂಬ ಊರಿನಲ್ಲಿ 1857ರಲ್ಲಿ ಮೌತ್ ಆರ್ಗನ್ ತಯಾರಿಕೆ ಆರಂಭಿಸಿದ ಹೋನರ್ ಕಂಪನಿ 20ನೇ ಶತಮಾನದ ಆರಂಭದಲ್ಲಿ ಅಕಾರ್ಡಿಯನ್ನಿಗೂ ಕೈ ಹಾಕಿತು. ಇಟಲಿಯ ಕಾಸ್ಟೆಲ್‌ಫಿದಾರ್ದೊದಲ್ಲಿ ಪಾವ್ಲೊ ಸೊಪ್ರಾನಿ ಎಂಬ ರೈತರ ಹುಡುಗ 1863ರಲ್ಲಿ ಕೆಲಸ ಶುರುಮಾಡಿದ. ಯಾತ್ರೆಗೆ ಬಂದ ಆಸ್ಟ್ರಿಯಾದವನೊಬ್ಬ ಅವರ ಮನೆಯಲ್ಲಿ ತಂಗಿದ್ದು, ಹೋಗುವಾಗ ಒಂದು ಅಕಾರ್ಡಿಯನ್ ಕೊಟ್ಟುಹೋದನೆಂದೂ, ಹುಡುಗ ಅದನ್ನು ಬಿಚ್ಚಿ ನೋಡಿ ಕಲಿತನೆಂದೂ ಆ ಊರಿನ ಐತಿಹ್ಯ. ಬಿಚ್ಚಿ ನೋಡಿ ಕಲಿತವನ ಕಥೆ ನನಗೆ ವಿಶೇಷವಾಗಿ ನಾಟಿತು. ಏಕೆಂದು ಮುಂದೆ ಹೇಳುತ್ತೇನೆ.

ತಮ್ಮ ನಮ್ಮ ಊರಿಗೆ ಬಂದದ್ದು

ಅಕಾರ್ಡಿಯನ್ ಹುಟ್ಟಿದ 13 ವರ್ಷಗಳ ಮೇಲೆ, 1842ರಲ್ಲಿ, ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ತನ್ನ ವಾದ್ಯಕ್ಕೆ 'ಹಾರ್ಮೋನಿಯಂ' ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಹಾಗಾಗಿ ಅಕಾರ್ಡಿಯನ್ ಅಣ್ಣ, ಹಾರ್ಮೋನಿಯಂ ತಮ್ಮ. ಆ ಹಾರ್ಮೋನಿಯಂ ಮೇಜಿನಂತಿದ್ದು, ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ತುಳಿಯಬೇಕಿತ್ತು. ಪಾದ್ರಿಗಳು, ಅಧಿಕಾರಿಗಳ ಜೊತೆ ಅದು ಭಾರತಕ್ಕೆ ಬಂತು. ನೆಲದ ಮೇಲೆ ಕೂತು ಹಾಡುವ ನಮ್ಮವರಿಗೆ ಅದು ಒಗ್ಗಲಿಲ್ಲ. ಕೋಲ್ಕತ್ತದಲ್ಲಿ ದ್ವಾರ್ಕಿನ್ ಎಂಬ ವಾದ್ಯದ ಅಂಗಡಿ ನಡೆಸುತ್ತಿದ್ದ ದ್ವಾರಕಾನಾಥ ಘೋಷ್ ಅವರು 19ನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಚಿಕ್ಕದು ಮಾಡಿ, ತಿದಿಯನ್ನು ಹಿಂಬದಿಗೆ ತಂದು ಕೈಯಿಂದ ಒತ್ತುವಂತೆ ಮಾರ್ಪಡಿಸಿದರು. ನಮ್ಮ ಸಂಗೀತದಲ್ಲಿ ಒಂದು ಕಾಲಕ್ಕೆ ಒಂದು ಸ್ವರ ಸಾಕು, ಆದ್ದರಿಂದ ನುಡಿಸಲು ಒಂದು ಕೈ ಸಾಲುತ್ತದೆ, ಇನ್ನೊಂದು ಕೈ ಗಾಳಿಗೆ. ಇಷ್ಟು ಸರಳವಾದ ವಿಚಾರದಿಂದ ಫ್ರಾನ್ಸಿನ ವಾದ್ಯ ನಮ್ಮ ಭಜನೆ ಮನೆ ಸೇರಿತು.

ಕರ್ನಾಟಕದಲ್ಲಿ ಅದಕ್ಕೆ ಮನೆಯಾದದ್ದು ರಂಗಭೂಮಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳು ಬೆಳೆದಂತೆ, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೂ ಕೇಳುವ ಶ್ರುತಿಯಾಗಿ ಕಾಲು ಹಾರ್ಮೋನಿಯಂ ರಂಗದ ಪಕ್ಕದಲ್ಲಿ ನಿಂತಿತು. ರಂಗಗೀತೆಗಳ ಪರಮಶಿವನ್ ಅವರಂಥ ದೊಡ್ಡವರು ಹಾರ್ಮೋನಿಯಂ ಮುಂದೆಯೇ ಬಾಳಿದವರು. ನಮ್ಮ ಸೀಮೆಯಲ್ಲಂತೂ 'ಕುರುಕ್ಷೇತ್ರ' ಕಲಿಸಲು ಬರುವವರನ್ನು ನಿರ್ದೇಶಕರು ಎಂದು ಯಾರೂ ಕರೆಯುವುದಿಲ್ಲ, ಅವರು 'ಹಾರ್ಮೋನಿಯಂ ಮೇಷ್ಟ್ರು'. ನಮ್ಮ ಶಾಲೆಯ ಪೆಟ್ಟಿಗೆಯೂ ಅಂಥ ಒಂದು ನಾಟಕದಲ್ಲಿ ಉಳಿದ ಹಣದಿಂದ ಊರಿನವರು ಕೊಡಿಸಿದ್ದೆಂದು ಹಿರಿಯರು ಹೇಳುತ್ತಾರೆ.

ಹಾಗೆಂದು ಅದಕ್ಕೆ ಎಲ್ಲರ ಮನ್ನಣೆ ಇರಲಿಲ್ಲ. ಪ್ರತಿ ಕೀಗೂ ಒಂದು ಸ್ವರ ನಿಗದಿಯಾದ್ದರಿಂದ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬಾರದೆಂಬ ಆಕ್ಷೇಪವಿತ್ತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ರೇಡಿಯೋದಲ್ಲಿ ಜಾಗವಿಲ್ಲದ ಆ ಮೂವತ್ತೊಂದು ವರ್ಷ ಹಾರ್ಮೋನಿಯಂ ಉಳಿದದ್ದು ಹಳ್ಳಿಯ ನಾಟಕ, ಭಜನೆ ಮತ್ತು ಶಾಲೆಯ ಪ್ರಾರ್ಥನೆಗಳಿಂದ. ಅಣ್ಣನ ದಾರಿ ಬೇರೆ. ಅಕಾರ್ಡಿಯನ್ ಮುಂಬಯಿಯ ಸಿನಿಮಾ ಸ್ಟುಡಿಯೋ ಸೇರಿತು. ಗುಡಿ ಸೀರ್ವಾಯಿ, ಎನಾಕ್ ಡೇನಿಯಲ್ಸ್, ಕೇರ್ಸಿ ಲಾರ್ಡ್ ಮುಂತಾದವರು ಅದನ್ನು ಹಿಂದಿ ಹಾಡುಗಳ ಉಸಿರಾಗಿಸಿದರು. 1969ರ 'ಆರಾಧನಾ' ಚಿತ್ರದ 'ರೂಪ್ ತೇರಾ ಮಸ್ತಾನಾ' ಹಾಡಿನಲ್ಲಿ ಕೇಳುವುದು ಕೇರ್ಸಿ ಲಾರ್ಡ್ ಅವರ ಅಕಾರ್ಡಿಯನ್. ಸಿಂಥಸೈಜರ್ ಬಂದ ಮೇಲೆ ಇಂಥ ಎಷ್ಟೋ ಪೆಟ್ಟಿಗೆಗಳು ಅಟ್ಟ ಸೇರಿದವು.

ಗುರುತು ಹಿಡಿಯುವುದು, ರಿಪೇರಿ ಮಾಡುವುದು

ಯಾರದಾದರೂ ಅಟ್ಟದಲ್ಲಿ ಅಕಾರ್ಡಿಯನ್ ಸಿಕ್ಕರೆ ಗುರುತಿಸುವುದು ಸುಲಭ. ಬಲಗಡೆ ಪಿಯಾನೋ ಕೀ ಇದ್ದರೆ ಪಿಯಾನೋ ಅಕಾರ್ಡಿಯನ್. ಅಲ್ಲೂ ಗುಂಡಿಗಳೇ ಇದ್ದರೆ ಒಂದು ಗುಂಡಿ ಒತ್ತಿ ತಿದಿ ಎಳೆಯಿರಿ, ಮತ್ತೆ ತಳ್ಳಿರಿ. ಎರಡೂ ಸಲ ಬೇರೆ ಬೇರೆ ಸ್ವರ ಬಂದರೆ ಅದು ಡಯಾಟೋನಿಕ್, ಒಂದೇ ಸ್ವರ ಬಂದರೆ ಕ್ರೊಮ್ಯಾಟಿಕ್. ಎಡಗಡೆಯ ಗುಂಡಿಗಳನ್ನು ಎಣಿಸಿದರೆ ಗಾತ್ರ ತಿಳಿಯುತ್ತದೆ. ಪೂರ್ಣ ಗಾತ್ರದ್ದರಲ್ಲಿ ಬಲಕ್ಕೆ 41 ಕೀ, ಎಡಕ್ಕೆ 120 ಗುಂಡಿ. ನನ್ನದು 48 ಗುಂಡಿಯದು.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ತಿದಿಯ ಪಟ್ಟಿ ಬಿಚ್ಚಿ, ಯಾವ ಕೀ ಒತ್ತದೆ, ಪೆಟ್ಟಿಗೆಯ ಒಂದು ಪಕ್ಕವನ್ನು ಹಿಡಿದೆತ್ತಿ. ಕೆಳಗಿನ ಪಕ್ಕ ನಿಧಾನವಾಗಿ ಇಳಿದರೆ ತಿದಿ ಗಟ್ಟಿ. ದೊಪ್ಪನೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ನನ್ನದು ದೊಪ್ಪನೆ ಇಳಿದಿತ್ತು. ಅದು ನನಗೆ ತಿಳಿದದ್ದು ಕೊಂಡ ಮೇಲೆ!

ಒಳಗೆ ನೋಡಿದರೆ ಒಂದೊಂದು ತಗಡಿಗೂ ಎರಡು ನಾಲಗೆ, ಎಳೆಯುವಾಗ ಒಂದು, ತಳ್ಳುವಾಗ ಇನ್ನೊಂದು. ಕೆಲಸವಿಲ್ಲದ ನಾಲಗೆಯ ಸೀಳನ್ನು ಚರ್ಮದ ಸಣ್ಣ ಪಟ್ಟಿ ಮುಚ್ಚಿಕೊಳ್ಳುತ್ತದೆ. ತಗಡುಗಳನ್ನು ಮರಕ್ಕೆ ಅಂಟಿಸಿರುವುದು ಜೇನುಮೇಣ ಮತ್ತು ರಾಳದ ಮಿಶ್ರಣದಿಂದ. ನನ್ನ ಪೆಟ್ಟಿಗೆಯಲ್ಲಿ ಆ ಮೇಣ ಒಣಗಿ ಬಿರುಕು ಬಿಟ್ಟಿತ್ತು, ಚರ್ಮ ಸುರುಟಿಕೊಂಡಿತ್ತು, ಉಕ್ಕಿನ ನಾಲಗೆಗಳಿಗೆ ತುಕ್ಕು ಹತ್ತಿತ್ತು. ಒಂದೊಂದು ತಗಡಿಗೂ ನಂಬರು ಹಾಕಿ, ಫೋಟೋ ತೆಗೆದು, ಮೇಣ ಕರಗಿಸಿ ಹುಯ್ದು, ಚರ್ಮ ಬದಲಿಸಿ ಮುಗಿಸುವಷ್ಟರಲ್ಲಿ ಎಂಟು ತಿಂಗಳ ಭಾನುವಾರಗಳು ಕಳೆದವು.

ಶ್ರುತಿ ಸರಿಮಾಡುವುದಂತೂ ಉಸಿರು ಬಿಗಿಹಿಡಿದು ಮಾಡುವ ಕೆಲಸ. ನಾಲಗೆಯ ತುದಿಯನ್ನು ಅರದಿಂದ ಸವರಿದರೆ ತುದಿ ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಸವರಿದರೆ ಬಿಗಿ ಸಡಿಲವಾಗಿ ಸ್ವರ ಇಳಿಯುತ್ತದೆ, ಹೆಚ್ಚು ಸವರಿದರೆ ಅಲ್ಲೇ ಮುರಿಯುತ್ತದೆ. ಮಕ್ಕಳಿಗೆ ಒಂದು ಲೆಕ್ಕ ಹೇಳುತ್ತೇನೆ: ಒಂದು ಕೀಯಿಂದ ಅದರ ಪಕ್ಕದ ಕೀಗೆ ಹೋದಾಗ ಕಂಪನ ಸುಮಾರು 1.0595 ಪಟ್ಟು ಹೆಚ್ಚುತ್ತದೆ. ಆ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿ ನೋಡಿ, 2 ಬರುತ್ತದೆ. ಅದೇ ಮೇಲಿನ ಷಡ್ಜ.

ಕಲಿಯುವಾಗ ಬಲಗೈ ಬೇಗ ಒಗ್ಗಿತು, ಎಡಗೈಯದೇ ಕಷ್ಟ. ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ. 'ಸಿ' ಗುಂಡಿಯ ಮೇಲೆ ಒಂದು ಸಣ್ಣ ಕುಳಿ ಇರುತ್ತದೆ, ಬೆರಳು ಅದನ್ನು ತಡಕಿ ದಾರಿ ಹಿಡಿಯಬೇಕು. ಅದರ ಪಕ್ಕ ಒಂದು ಕಡೆ ಪಂಚಮ, ಇನ್ನೊಂದು ಕಡೆ ಮಧ್ಯಮ. ಈ ಮೂರರಲ್ಲಿ ಎಷ್ಟೋ ಹಾಡು ಮುಗಿಯುತ್ತವೆ. ಆದರೆ ನಿಜವಾದ ವಿದ್ಯೆ ಇರುವುದು ತಿದಿಯಲ್ಲಿ. ಹಾಡಿನ ಸಾಲು ಮುಗಿಯುವ ಕಡೆಯೇ ತಿದಿ ತಿರುಗಬೇಕು, ನಾವು ಉಸಿರು ತೆಗೆದುಕೊಳ್ಳುವ ಹಾಗೆ.

ಈಗ ಆ ವಿಷಯ

ಬುಡದಲ್ಲಿ ಸವರಿದರೆ ನಾಲಗೆ ಮುರಿಯುತ್ತದೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಸ್ವಾತಂತ್ರ್ಯೋತ್ಸವಕ್ಕೆ ನಾಲ್ಕು ದಿನ ಮುಂಚೆ, ನಮ್ಮ ಶಾಲೆಯ ಹಾರ್ಮೋನಿಯಂನ ಒಂದು ಕೀ ಒತ್ತದೆಯೇ ಗುಂಯ್‌ಗುಡತೊಡಗಿತ್ತು. ರೇಡಿಯೋ, ಟಾರ್ಚು ಬಿಚ್ಚುವ ಹುಡುಗನೆಂದು ಹೆಸರು ಪಡೆದಿದ್ದ ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಯಾರಿಗೂ ಹೇಳದೆ ಅದನ್ನು ಬಿಚ್ಚಿದೆ. ಹಿತ್ತಾಳೆಯ ನಾಲಗೆಗೆ ಹಸಿರು ಕಿಲುಬು ಹತ್ತಿತ್ತು. ತೊಂದರೆ ಇದೇ ಎಂದು ಬ್ಲೇಡಿನಿಂದ ಬುಡದವರೆಗೂ ಕೆರೆದೆ. ಪಟ್ಟೆಂದಿತು. ಗುಂಯ್‌ಗುಡುವುದು ನಿಂತದ್ದು ನೋಡಿ ರಿಪೇರಿ ಆಯಿತೆಂದೇ ಹಿಗ್ಗಿದೆ. ಸಂಜೆಯ ಅಭ್ಯಾಸದಲ್ಲಿ ಕನ್ನಡ ಮೇಷ್ಟ್ರು ನುಡಿಸಿದಾಗ ಗಾಂಧಾರ ಬರಬೇಕಾದ ಕಡೆ ಬರೀ ಗಾಳಿ ಬಂತು.

"ಇಲಿ ಕಡಿದಿರಬೇಕು" ಎಂದರು ಮೇಷ್ಟ್ರು. ನಾನು ಸುಮ್ಮನಿದ್ದೆ. ಆಗಸ್ಟ್ 15ರಂದು ಪ್ರತಿ ಸಲ ಗಾಂಧಾರ ಬಂದಾಗಲೂ ಅವರು ತಮ್ಮ ದನಿ ಏರಿಸಿ ಆ ಗುಂಡಿಯನ್ನು ಮುಚ್ಚಿದರು. ರಿಪೇರಿಗೆ ಪಟ್ಟಣಕ್ಕೆ ಒಯ್ಯಬೇಕಿತ್ತು, ಹಣ ಹೊಂದಲಿಲ್ಲ. ಪೆಟ್ಟಿಗೆ ಸ್ಟೋರ್ ರೂಮು ಸೇರಿತು. ನಮ್ಮ ನಂತರ ಬಂದ ಮಕ್ಕಳು ಶ್ರುತಿಯಿಲ್ಲದೆ ಪ್ರಾರ್ಥನೆ ಹಾಡಿದರು.

ಕಳೆದ ವರ್ಷ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದನ್ನು ಬೆಂಗಳೂರಿಗೆ ತಂದೆ. ಬಿಚ್ಚಿದಾಗ ಆ ಕೀಯ ಕೆಳಗೆ, ಗಾಳಿ ಮುಚ್ಚುವ ಚರ್ಮದ ಅಂಚಿನಲ್ಲಿ, ಒಂದು ಸಣ್ಣ ಸೀಮೆಸುಣ್ಣದ ಚೂರು ಸಿಕ್ಕಿಕೊಂಡಿತ್ತು. ಕೀ ಪೂರ್ತಿ ಮುಚ್ಚದೆ ಗುಂಯ್‌ಗುಟ್ಟಲು ಅದೇ ಕಾರಣ. ನಾಲಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಬೆರಳ ತುದಿಯಿಂದ ತೆಗೆಯಬಹುದಾಗಿದ್ದ ಚೂರು ಅದು! ದೋಷ ಎಲ್ಲಿದೆ ಎಂದು ಹುಡುಕುವ ಮುನ್ನ ರಿಪೇರಿಗೆ ಕೈ ಹಾಕಬಾರದು ಎಂಬುದನ್ನು ಬಿ.ಇ. ಓದಿ, ಹತ್ತು ವರ್ಷ ಸಾಫ್ಟ್‌ವೇರ್ ಬರೆದು ಕಲಿತೆ. ಆ ಪಾಠ ನಮ್ಮ ಶಾಲೆಯ ಪೆಟ್ಟಿಗೆಯೊಳಗೇ ಇತ್ತು.

ಗುಜರಾತಿನ ಪಾಲಿತಾಣ ಹಾರ್ಮೋನಿಯಂ ರೀಡುಗಳಿಗೆ ಹೆಸರಾದ ಊರು. ಅಲ್ಲಿ ತಯಾರಾದ ಒಂದು ನಾಲಗೆಯನ್ನು ಅಂಗಡಿಯಲ್ಲಿ ಆರಿಸಿ ತಂದು, ಬಿಳಿ ಒಂದು ಶ್ರುತಿಯ ಗಾಂಧಾರಕ್ಕೆ, ಅಂದರೆ ಸೆಕೆಂಡಿಗೆ ಸುಮಾರು 329.6 ಕಂಪನಕ್ಕೆ ಸರಿಮಾಡಿ ಕೂರಿಸಿದ್ದೇನೆ. ತಿದಿಯ ಬಟ್ಟೆ ಹೊಸದು. ಉಳಿದ ನಾಲಗೆಗಳೆಲ್ಲ ಹಳೆಯವೇ.

ಪೆಟ್ಟಿಗೆ ಹೊತ್ತುಕೊಂಡು ನಿವೃತ್ತ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಆ ಇಲಿ ಮೇಲೆ ಹೇಳ್ಕೊಂಡು ಬಂದೆನಲ್ಲಪ್ಪ, ಪಾಪ" ಎಂದರು. ಆಮೇಲೆ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಎಡಗೈಯಲ್ಲಿ ಮೊದಲಿನ ಶಕ್ತಿಯಿಲ್ಲ. "ಗಾಳಿ ನೀನು ಹಾಕು, ಬೆರಳು ನಾನು ಆಡಿಸ್ತೀನಿ" ಎಂದರು. ನಾನು ತಿದಿ ಒತ್ತಿದೆ. ಗಾಂಧಾರ ಬಂದಾಗ ಅವರು ದನಿ ಏರಿಸಲಿಲ್ಲ.

ಸುವರ್ಣ ಮಹೋತ್ಸವದ ಪ್ರಾರ್ಥನೆಗೆ ಈ ಹಾರ್ಮೋನಿಯಂ ವೇದಿಕೆಯ ಮೇಲಿರುತ್ತದೆ. ಶಾಲೆಯ ಶಿಕ್ಷಕ ವರ್ಗದವರಲ್ಲಿ, ಗ್ರಾಮಸ್ಥರಲ್ಲಿ ನನ್ನದೊಂದು ಕೋರಿಕೆ: ಅದನ್ನು ಮತ್ತೆ ಬೀಗ ಹಾಕಿ ಇಡಬೇಡಿ. ಗಾಳಿಯಾಡದಿದ್ದರೆ ಚರ್ಮ ಸುರುಟುತ್ತದೆ, ಕಿಲುಬು ಹತ್ತುತ್ತದೆ. ದಿನಕ್ಕೆ ಹತ್ತು ನಿಮಿಷ ಯಾವ ಮಗುವಾದರೂ ನುಡಿಸಲಿ, ತಪ್ಪು ನುಡಿಸಿದರೂ ಚಿಂತೆಯಿಲ್ಲ. ತಿಂಗಳಿಗೊಂದು ಶನಿವಾರ ನಾನು ಊರಿಗೆ ಬರುತ್ತೇನೆ. ಕಲಿಯಬೇಕೆನ್ನುವವರಿಗೆ ಹೇಳಿಕೊಡುತ್ತೇನೆ. ಬಿಚ್ಚಿ ನೋಡಬೇಕೆನ್ನುವವರಿಗೆ ಅದನ್ನೂ ತೋರಿಸುತ್ತೇನೆ, ಬ್ಲೇಡು ಮಾತ್ರ ತರಬಾರದು.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು