ಪರ್ಮಾಫ್ರಾಸ್ಟ್: ಕಾಣದ ಹೆಪ್ಪುನೆಲವನ್ನು ಲೆಕ್ಕದಿಂದ ಗುರುತಿಸುವ ಬಗೆ

ಸತತವಾಗಿ ಕನಿಷ್ಠ ಎರಡು ವರ್ಷ 0 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಉಳಿಯುವ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಸೈಬೀರಿಯಾ, ಅಲಾಸ್ಕ, ಉತ್ತರ ಕೆನಡಾ, ಟಿಬೆಟ್ ಪ್ರಸ್ಥಭೂಮಿಗಳಲ್ಲಿ ಇದು ವಿಸ್ತಾರವಾಗಿ ಹಬ್ಬಿದೆ. ಲಡಾಖಿನ ಎತ್ತರದ ಪ್ರದೇಶಗಳಲ್ಲಿಯೂ ಇದೆ. ಬೇಸಿಗೆಯಲ್ಲಿ ಮೇಲ್ಪದರ ಕರಗಿ ಹುಲ್ಲು ಬೆಳೆಯುವುದರಿಂದ ಕೆಳಗಿನ ಹೆಪ್ಪು ಕಣ್ಣಿಗೆ ಕಾಣದು. ಉಪಗ್ರಹವೂ ಅದನ್ನು ನೇರವಾಗಿ ನೋಡಲಾರದು.

ನೆಲವನ್ನು ಕೊರೆದು ಉಷ್ಣತೆಯನ್ನು ಅಳೆಯುವುದೇ ಖಚಿತವಾದ ಮಾರ್ಗ. ಸೈಬೀರಿಯಾದ ಯಾಕುತ್ಸ್ಕ್ ನಗರದಲ್ಲಿ 19ನೆಯ ಶತಮಾನದಲ್ಲಿ ನೀರಿಗಾಗಿ ತೋಡಿದ ಶೆರ್ಗಿನ್ ಬಾವಿ 116 ಮೀಟರ್ ಆಳಕ್ಕೆ ಇಳಿದರೂ ಹೆಪ್ಪುನೆಲವನ್ನು ದಾಟಲಿಲ್ಲ. ಆದರೆ ಲಕ್ಷಾಂತರ ಚದರ ಕಿಲೋಮೀಟರ್ ನೆಲವನ್ನು ಹೀಗೆ ತೋಡಿ ನೋಡಲಾಗದು. ಅದಕ್ಕಾಗಿಯೇ ಕಂಪ್ಯೂಟರ್ ಮಾದರಿಗಳು ಬಂದಿವೆ.

ಇವುಗಳಲ್ಲಿ ಸರಳವಾದುದು ಚಳಿ ಮತ್ತು ಬಿಸಿಲಿನ ಜಮಾಖರ್ಚು. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದೆಡೆ ವರ್ಷದ 100 ದಿನ ಸರಾಸರಿ −20 ಡಿಗ್ರಿ, 100 ದಿನ +12 ಡಿಗ್ರಿ, ಉಳಿದ ದಿನಗಳು ಸೊನ್ನೆಯ ಆಸುಪಾಸು. ಆಗ ಚಳಿಯ ಮೊತ್ತ 2000 ಡಿಗ್ರಿ-ದಿನ, ಬಿಸಿಯ ಮೊತ್ತ 1200. ಹಿಮವು ಕಂಬಳಿಯಂತೆ ಹೊದ್ದು ಅರ್ಧ ಚಳಿಯನ್ನು ತಡೆದರೆ ನೆಲಕ್ಕೆ ತಲುಪುವುದು 1000 ಮಾತ್ರ. ಬಿಸಿಯೇ ಹೆಚ್ಚಾದುದರಿಂದ ಒಣ ನೆಲದಲ್ಲಿ ಹೆಪ್ಪು ನಿಲ್ಲದು. ತೇವದ ಮಣ್ಣಿನ ಕಥೆ ಬೇರೆ. ಮಂಜುಗಡ್ಡೆಯು ನೀರಿಗಿಂತ ಸುಲಭವಾಗಿ ಶಾಖವನ್ನು ಸಾಗಿಸುವುದರಿಂದ ಚಳಿಗಾಲದ ಚಳಿ ಆಳಕ್ಕೆ ಇಳಿಯುವಷ್ಟು ಸುಲಭವಾಗಿ ಬೇಸಿಗೆಯ ಬಿಸಿ ಇಳಿಯದು. ಬಿಸಿಯ ಹತ್ತರಲ್ಲಿ ಏಳು ಪಾಲು ಮಾತ್ರ ಲೆಕ್ಕಕ್ಕೆ ಬಂದರೆ ಅದು 840. ಚಳಿಯೇ ಗೆಲ್ಲುತ್ತದೆ, ಹೆಪ್ಪು ಉಳಿಯುತ್ತದೆ. ಗಾಳಿ ಒಂದೇ ಆದರೂ ಹಿಮ ಮತ್ತು ಮಣ್ಣು ಉತ್ತರವನ್ನು ಬದಲಿಸುತ್ತವೆ.

ಇದೇ ಬಗೆಯ ಲೆಕ್ಕವನ್ನು 2000ದಿಂದ 2016ರವರೆಗಿನ ಉಪಗ್ರಹ ಮಾಹಿತಿಗೆ ಅನ್ವಯಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಗೋಳಾರ್ಧದ ನಕ್ಷೆಯನ್ನು ಒಂದು ಕಿಲೋಮೀಟರ್ ಚೌಕಗಳಲ್ಲಿ ರಚಿಸಿತು. ಅದರಂತೆ ಪರ್ಮಾಫ್ರಾಸ್ಟಿನ ವಿಸ್ತೀರ್ಣ ಸುಮಾರು 1.39 ಕೋಟಿ ಚದರ ಕಿಲೋಮೀಟರ್. ನೆಲ ಕೊರೆದು ಪಡೆದ ಅಳತೆಗಳೊಂದಿಗೆ ಹೋಲಿಸಿದಾಗ ಸುಮಾರು 2 ಡಿಗ್ರಿಯ ಅಂತರ ಕಂಡುಬಂದಿತು. ಸೊನ್ನೆಯ ಸಮೀಪದ ಪ್ರದೇಶಗಳಲ್ಲಿ ಈ ಅಂತರವೇ ನಿರ್ಣಾಯಕ. ಕೊರೆದ ಅಳತೆಗಳು ವಿರಳವಾಗಿರುವ ಹಿಮಾಲಯದಲ್ಲಿ ಅನಿಶ್ಚಿತತೆ ಇನ್ನೂ ಹೆಚ್ಚು.

ಹೆಪ್ಪು ಕರಗಿದರೆ ಅದರ ಮೇಲಿನ ಮನೆ, ರಸ್ತೆ, ಕೊಳವೆಮಾರ್ಗಗಳು ಕುಸಿಯುತ್ತವೆ. ಅದರಲ್ಲಿ ಹುದುಗಿರುವ ಇಂಗಾಲವು ವಾತಾವರಣದಲ್ಲಿರುವ ಇಂಗಾಲದ ಸುಮಾರು ಎರಡು ಪಟ್ಟು. ಕರಗಿದಂತೆಲ್ಲ ಅದರ ಒಂದು ಭಾಗ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಆಗಿ ಗಾಳಿಗೆ ಸೇರುತ್ತದೆ. ಆದುದರಿಂದ ಇಂತಹ ನಕ್ಷೆಯ ಬಣ್ಣಗಳನ್ನು ನಾವು ಸಾಧ್ಯತೆಯ ಸೂಚನೆಗಳೆಂದು ಓದಬೇಕು. ಎಲ್ಲಿ ಕೊರೆದು ನೋಡಬೇಕೆಂಬುದನ್ನು ಮಾದರಿ ತೋರಿಸುತ್ತದೆ. ಅಡಿಪಾಯ ಹಾಕುವ ಮುನ್ನ ನೆಲವನ್ನೇ ಪರೀಕ್ಷಿಸಬೇಕು.